ಹದಿನೇಳನೆಯ ಅರ್ಜಿ

ಚರ್ಚಿನ ನೆಲಮಾಳಿಗೆ. ಮಾರ್ಚ್ ತಿಂಗಳು. ಹೊರಗೆ
ಸುಪೀರಿಯರ್ ಸರೋವರದ ಹೆಪ್ಪು ಇನ್ನೂ ಒಡೆದಿಲ್ಲ,
ಅದಿರು ಹೊರುವ ಹಡಗುಗಳು ದುಲೂತಿನ ದಕ್ಕೆಯಲ್ಲಿ
ಬಾಯಿ ಹೊಲಿದುಕೊಂಡು ಕೂತಿವೆ.
ನಾವು ನಾಲ್ವರು, ಒಂದು ಹೂಜಿ ಕಾಫಿ, ನಿಂಬೆ ಕೇಕು,
ಇಪ್ಪತ್ತಮೂರು ಅರ್ಜಿ. ಹೆಸರುಗಳಿಗೆಲ್ಲ ಮಸಿ ಬಳಿದು
ನಂಬರು ಕೊಟ್ಟಿದ್ದಾರೆ, ಪಕ್ಷಪಾತ ಆಗಬಾರದಂತೆ.

ವಿದ್ಯಾರ್ಥಿವೇತನ ಎರಡು ಸಾವಿರ ಡಾಲರ್.
ಪುಸ್ತಕಕ್ಕೆ ಸಾಕು, ಒಂದು ಚಳಿಗಾಲದ ಬಸ್ಸಿಗೆ ಸಾಕು,
ಫೀಸಿನ ಮಾತು ಬೇರೆ.
ಪ್ರಶ್ನೆ ಒಂದೇ: "ಅಂಗವಿಕಲರ ನೆರವಿಗೆ ನಿಲ್ಲುವ ವೃತ್ತಿಯನ್ನೇ
ಏಕೆ ಆರಿಸಿಕೊಂಡಿರಿ? ಐನೂರು ಪದ ಮೀರದಂತೆ."

ನನ್ನನ್ನು ಕಮಿಟಿಗೆ ಸೇರಿಸಿಕೊಂಡದ್ದು ಹೋದ ವರ್ಷ.
ಅರವತ್ತೊಂದು ವರ್ಷ ನೆರವು ಪಡೆದವಳು,
ಅನುಭವಸ್ಥೆ ಅಂದರು. ನನ್ನ ಗಾಲಿಕುರ್ಚಿ ಹಿಡಿಸಲೆಂದು
ಮೇಜಿನ ಈ ಬದಿಯ ಕಾಲಿಗೆ ಇಟ್ಟಿಗೆ ಕೊಟ್ಟರು.
ಅಂದಿನಿಂದ ಕಾಫಿಯೆಲ್ಲ ಡೆನ್ನಿಸನ ಕಡೆಗೇ ವಾಲುತ್ತದೆ.

ಓದಿದೆ. "ದೇವರ ವಿಶೇಷ ಮಕ್ಕಳು" ಹನ್ನೊಂದು ಸಲ.
"ಸ್ಫೂರ್ತಿ" ಮೂವತ್ತಕ್ಕೆ ಒಂದು ಕಮ್ಮಿ. ಎಣಿಸಿದ್ದೇನೆ,
ಬೆರಳು ನನ್ನ ಮಾತು ಕೇಳದಿದ್ದರೂ ಲೆಕ್ಕ ಕೇಳುತ್ತದೆ.
ಎಂಟನೆಯವರಿಗಂತೂ ನಮ್ಮಂಥವರ ನಗು ನೋಡಿ
ತಮ್ಮ ದುಃಖ ಎಷ್ಟು ಸಣ್ಣದೆಂದು ತಿಳಿಯಿತಂತೆ.
ಸಂತೋಷ ಮಾರಾಯರೇ. ಅಷ್ಟು ಉಪಯೋಗಕ್ಕೆ ಬರುತ್ತದೆಂದು
ಮೊದಲೇ ಗೊತ್ತಿದ್ದರೆ ಬಾಡಿಗೆಗೆ ಕೊಡುತ್ತಿದ್ದೆ.

ಹದಿನೇಳು ಅರ್ಧ ಪುಟ. ಕೈಬರಹ. ಅಂಕ ಸ್ವಲ್ಪ ಕಮ್ಮಿ.
ಶನಿವಾರ ರಾತ್ರಿ ಪಾಳಿ, ಆರು ಜನರ ಆರೈಕೆ ಮನೆ.
ಅಲ್ಲಿ ವಾಲ್ಟರ್ ಪೆಲ್ಟೊ, ಗಣಿಯಲ್ಲಿ ದುಡಿದ ಮುದುಕ,
ಪಾರ್ಶ್ವವಾಯು ನಾಲಿಗೆ ಕಿತ್ತುಕೊಂಡ ಮೇಲೆ
ಅಕ್ಷರದ ಹಲಗೆ ನೋಡುತ್ತ ಕಣ್ಣಲ್ಲೇ ಮಾತಾಡುವವನು.
"ಎರಡು ಅಕ್ಷರ ತೋರಿಸುವಷ್ಟರಲ್ಲಿ ನಾವೇ ಮುಗಿಸಿಬಿಡುತ್ತೇವೆ:
ನೀರಾ? ಬಾತ್‌ರೂಮಾ? ಚಳಿಯಾ? ಟಿವಿಯಾ?
ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾವದನ್ನು
ಹೌದು ಅಂತ ಬರೆದುಕೊಳ್ಳುತ್ತೇವೆ.
ಒಂದು ರಾತ್ರಿ ಬೇರೆ ಕೆಲಸವಿರಲಿಲ್ಲ. ಸುಮ್ಮನೆ ಕೂತೆ.
ಹತ್ತೊಂಬತ್ತು ನಿಮಿಷಕ್ಕೆ ವಾಕ್ಯ ಮುಗಿಯಿತು:
ನಿನ್ನ ಶೂ ಲೇಸು ಬಿಚ್ಚಿದೆ. ಮೆಟ್ಟಿಲ ಹತ್ತಿರ ಜೋಪಾನ.
ಕಾಲೇಜಿನಲ್ಲಿ ಕಾಯುವುದನ್ನು ಕಲಿಸುತ್ತಾರೋ ಇಲ್ಲವೋ
ತಿಳಿಯದು. ಕಲಿಸಿದರೆ ಆ ಪಾಠಕ್ಕೆ ಸೇರಬೇಕು."
ಅಷ್ಟೇ. ಸಹಿಯ ಜಾಗದಲ್ಲಿ ಮಸಿ.

"ನಿಮ್ಮ ಮತ ಯಾವುದಕ್ಕೆ ಮಾರ್ಲಿಸ್?" ಡೆನ್ನಿಸ್
ಪೆನ್ನಿನ ಮುಚ್ಚಳ ತೆಗೆದ.
ನನ್ನ ಮಾತು ಗಂಟಲಿಂದ ಹೊರಡುವುದು
ಹಿಮದಲ್ಲಿ ರಾತ್ರಿಯೆಲ್ಲ ನಿಂತ ಕಾರು ಸ್ಟಾರ್ಟ್ ಆದ ಹಾಗೆ.
"ಹ... ದಿ... ನ..."
"ಹದಿನಾರು!" ಅಂದ. "ನನಗೂ ಅದೇ ಹಿಡಿಸಿತು." ಬರೆದುಕೊಂಡ.
ಲೊರೇನ್ ಕೇಕು ಹಂಚತೊಡಗಿದಳು.

ಒಳ್ಳೆಯ ಜನ. ಪ್ರತಿ ಕ್ರಿಸ್‌ಮಸ್ಸಿಗೆ ಕಾಲುಚೀಲ ಹೆಣೆದುಕೊಡುವವರು.
ಆದರೆ ಅರವತ್ತೊಂದು ವರ್ಷ ನಾನು ಹೀಗೆ ಹದಿನಾರಾಗಿದ್ದೇನೆ.
ಚಹಾ ಕೇಳಿ ಕಾಫಿ ಕುಡಿದಿದ್ದೇನೆ, ನೀಲಿ ಅಂದು ಹಸಿರು ತೊಟ್ಟಿದ್ದೇನೆ.
ಒಮ್ಮೆ, ತುಂಬ ಹಿಂದೆ, ಒಬ್ಬನಿಗೆ "ಇರು" ಅನ್ನಹೊರಟೆ.
ಅವನು "ಇರಲಿ ಬಿಡು" ಅಂತ ಕೇಳಿಸಿಕೊಂಡು
ಟೋಪಿ ಹಾಕಿಕೊಂಡು ಹೋದ.

ಕೈ ಎತ್ತಿದೆ. ಎದ್ದಿತು, ತನ್ನಿಷ್ಟದ ದಾರಿಯಲ್ಲಿ.
ಲೋಟ ತಳ್ಳಿ ಹದಿನೇಳರ ಮೇಲೆ ನಿಲ್ಲಿಸಿದೆ.
ಅರ್ಧ ಚೆಲ್ಲಿತು.
ಬಟ್ಟೆ ತರಹೊರಟ ಲೊರೇನ್ ಅಲ್ಲೇ ನಿಂತಳು.
ರೇಡಿಯೇಟರ್ ಟಕಟಕ ಅಂದಿತು.
ಯಾರೋ ಗಡಿಯಾರ ನೋಡಿದರು, ನೋಡಿದ್ದಕ್ಕೆ ನಾಚಿದರು.
"ಏ," ಅಂದೆ. ಉಸಿರು ತಗೊಂಡೆ.
ಡೆನ್ನಿಸನ ತುಟಿ ತೆರೆಯಿತು.
ಮುಚ್ಚಿಕೊಂಡ.
"ಳು."

ಅಂಕದ ನಿಯಮದ ಬಗ್ಗೆ ವಾದ ಇನ್ನೂ ಬಾಕಿ,
ಮುಂದಿನ ಮಂಗಳವಾರಕ್ಕೆ ಇಟ್ಟಿದ್ದಾರೆ.
ರಾತ್ರಿ ಊಟ ಮುಗಿಸಿಯೇ ಬನ್ನಿ ಅಂತ ಹೇಳಿಕಳಿಸಿದ್ದೇನೆ.